ಮಠದ ನಳಕ್ಕೂ ಮೀಟರ್ ಇರಲಿ



ಕಳೆದ ಬೇಸಿಗೆಯಲ್ಲಿ ಬಸವ ಜಯಂತಿಯ ಉಪನ್ಯಾಸಕ್ಕೆಂದು ಗದಗ ಜಿಲ್ಲೆಯ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನವರಿಗೆ ಮುಜುಗರವಾಗುತ್ತದೆ, ಉಳಿದ ಊರುಗಳಿಗೆ ತಾವು ಪಾರಾದೆವು ಅನ್ನಿಸುತ್ತದೆ. ಅಲ್ಲಿ ನಾಲ್ಕು ದಿನದಿಂದ ನಳಕ್ಕೆ ನೀರು ಬಂದಿರಲಿಲ್ಲ. ಬೋರು ಬತ್ತಿರಲಿಲ್ಲ, ಮೋಟಾರೂ ಸುಟ್ಟಿರಲಿಲ್ಲ. ಪಂಚಾಯಿತಿ ಕರೆಂಟಿನ ಬಿಲ್ಲು ಕಟ್ಟದೆ ಉಳಿಸಿಕೊಂಡಿದ್ದರಿಂದ ಪಂಪಿನ ಸಂಪರ್ಕ ಕಡಿದು ಹೋಗಿದ್ದರು. ಮಠದ ಅಂಗಳದಲ್ಲಿ ಮಠದ್ದೇ ಒಂದು ಬೋರು ಇದೆ. ಪೂಜ್ಯರು ಬೆಳಗಿನ ಐದಕ್ಕೇ ಗೇಟು ತೆಗೆಸಿದ್ದರು. ಕೊಡಗಳ ಸಾಲು ರಥಬೀದಿಯವರೆಗೂ ಬಂದಿತ್ತು. ಯಾರ ಜಾತಿಯನ್ನೂ ಕೇಳಲಿಲ್ಲ, ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ.

ಸಭೆಯಲ್ಲಿ ಮಾತಾಡಿದವರೆಲ್ಲ ಅದನ್ನು ಜಲದಾಸೋಹವೆಂದು ಕೊಂಡಾಡಿದರು. ನಾನೂ ಕೊಂಡಾಡಿದೆ. ಹೊಗಳಿಕೆಗೆ ತಕ್ಕ ಕೆಲಸವೇ ಆಗಿತ್ತು, ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಪ್ರಸಾದಕ್ಕೆ ಕುಳಿತಾಗ ಸಾರು ಬಡಿಸುತ್ತಿದ್ದ ಹುಡುಗ ನನ್ನ ಹತ್ತಿರ ಬಗ್ಗಿದ. ಅವನು ಪಂಚಾಯಿತಿಯ ಕರ ವಸೂಲಿಗಾರ. "ಸಾಹೇಬ್ರ, ನೀವು ಎಂಜಿನಿಯರ್ ಇದ್ದವರು, ನಿಮಗರ ಹೇಳತೀನ್ರಿ. ಮಠದ ನಳದ್ದು ಹನ್ನೊಂದ ವರ್ಷದ ಪಟ್ಟಿ ಬಾಕಿ ಐತ್ರಿ. ಅಜ್ಜಾರನ್ನ ಹೆಂಗ ಕೇಳೂದ್ರಿ?" ಎಂದ.

ಬೋರು ಮಠದ್ದು ನಿಜ. ಆದರೆ ಪ್ರಸಾದ ನಿಲಯಕ್ಕೆ ಒಂದು, ಕಲ್ಯಾಣ ಮಂಟಪಕ್ಕೆ ಒಂದು, ಮಠದ ಬಾಡಿಗೆ ಮಳಿಗೆಗಳಿಗೆ ಒಂದು, ಹೀಗೆ ಪಂಚಾಯಿತಿಯ ಮೂರು ನಳ ಸಂಪರ್ಕಗಳೂ ಇದ್ದವು. ತಿಂಗಳಿಗೆ ಐವತ್ತು ರೂಪಾಯಿಯಂತೆ ಮೂರು ಸಂಪರ್ಕಕ್ಕೆ ಹನ್ನೊಂದು ವರ್ಷದ ಬಾಕಿ 19,800 ರೂಪಾಯಿ. ಅಂದಿನ ಶಾಮಿಯಾನ ಮತ್ತು ಧ್ವನಿವರ್ಧಕಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗಿರಬೇಕು. ಇದು ದುರಾಸೆಯಿಂದ ಉಳಿಸಿಕೊಂಡ ಹಣವಲ್ಲ. ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ, ಅಷ್ಟೆ. ಮಠದ ಕಥೆ ಹೀಗಿದ್ದ ಮೇಲೆ ಗೌಡರ ಮನೆ, ಅಂಗಡಿಯವರ ಮನೆ, ನಿವೃತ್ತ ಮಾಸ್ತರರ ಮನೆಯವರೂ ಕೊಡಲಿಲ್ಲ. ಊರಿಗೆ ಸುಮಾರು ಐನೂರು ಮನೆ, ಪಟ್ಟಿ ಕಟ್ಟುವವರು ನೂರರ ಆಸುಪಾಸು. ಅವರಲ್ಲಿ ಹೆಚ್ಚಿನವರು ಯಾರೆಂದು ಆ ಹುಡುಗನನ್ನು ಕೇಳಿದೆ. ಕೆಳಗಿನ ಓಣಿಯವರು ಎಂದ. ಮನೆಯ ಉತಾರಕ್ಕೋ, ಉದ್ಯೋಗ ಖಾತ್ರಿಯ ಕೆಲಸಕ್ಕೋ, ವಸತಿ ಯೋಜನೆಯ ಕಂತಿಗೋ ಅವರು ಪಂಚಾಯಿತಿಗೆ ಬರಲೇಬೇಕು. ಬಂದಾಗ "ಮೊದಲು ಪಟ್ಟಿ ಕಟ್ಟು" ಎಂದು ಅವರನ್ನು ಹಿಡಿಯಬಹುದು. ದೊಡ್ಡ ಮನೆಯವರನ್ನು ಹಿಡಿಯಲು ಪಂಚಾಯಿತಿಯ ಕೈಯಲ್ಲಿ ಏನೂ ಇಲ್ಲ.

ಅಂದರೆ ಆ ಊರಿನ ನೀರಿನ ವ್ಯವಸ್ಥೆಗೆ ಬಡವರು ದುಡ್ಡು ಕೊಡುತ್ತಿದ್ದರು, ಉಳ್ಳವರು ಪುಕ್ಕಟೆ ಬಳಸುತ್ತಿದ್ದರು. ಕಡೆಗೆ ಪಂಪು ನಿಂತಾಗ ಮಠದ ಬೋರಿನ ಮುಂದೆ ಕೊಡ ಹಿಡಿದು ನಿಂತವರೂ ಆ ಬಡವರೇ. ದೊಡ್ಡ ಮನೆಗಳಲ್ಲಿ ಸ್ವಂತ ಬೋರು ಇರುತ್ತದೆ.

ಸರಕಾರಿ ನೌಕರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಗಳಿಗೆ ನೀರು ಕೊಡುವ ಕೆಲಸವನ್ನೇ ಮಾಡಿದವನು ನಾನು. ಹಾಗಾಗಿ ಮೊದಲು ಲೆಕ್ಕ ಹೇಳುತ್ತೇನೆ. ಲೆಕ್ಕವಿಲ್ಲದೆ ನೀರಿನ ಬಗ್ಗೆ ಮಾತಾಡಿದರೆ ಅದು ಭಾಷಣವಾಗುತ್ತದೆ.

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರು. ಪ್ರತಿ ಮನೆಗೆ ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಇದು ಅದರ ಗುರಿ. 500 ಮನೆ, 2,500 ಜನರ ಊರಿಗೆ ಇದು ದಿನಕ್ಕೆ 1,37,500 ಲೀಟರ್ ಆಗುತ್ತದೆ. ಸೋರಿಕೆ ಸೇರಿಸಿ 1,60,000 ಲೀಟರ್ ಎತ್ತಬೇಕು ಎನ್ನೋಣ. ನಮ್ಮ ಬಯಲುಸೀಮೆಯಲ್ಲಿ 500 ಅಡಿ ಆಳದಿಂದ ನೀರೆತ್ತುವುದು ಈಗ ದೊಡ್ಡ ಮಾತಲ್ಲ. ಮೇಲಿನ ಟಾಕಿಯ ಎತ್ತರವೂ ಸೇರಿದರೆ ಒಟ್ಟು ಎತ್ತರ 170 ಮೀಟರ್ ಆಗುತ್ತದೆ. ಹಳೆಯ ಪಂಪು, ಕಡಿಮೆ ವೋಲ್ಟೇಜು ಎಲ್ಲ ಸೇರಿ ದಕ್ಷತೆ ನೂರಕ್ಕೆ ನಲವತ್ತು ಎಂದು ಹಿಡಿದರೆ ದಿನಕ್ಕೆ 185 ಯೂನಿಟ್, ತಿಂಗಳಿಗೆ ಸುಮಾರು 5,500 ಯೂನಿಟ್ ಕರೆಂಟು ಬೇಕು. ಲೆಕ್ಕಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಹಿಡಿಯುತ್ತೇನೆ. 33,000 ರೂಪಾಯಿ ಆಯಿತು. ನೀರು ಬಿಡುವವನಿಗೆ, ಸರಕಾರಿ ಭಾಷೆಯಲ್ಲಿ ನೀರುಗಂಟಿಗೆ, 15,000. ಮೋಟಾರು ರಿಪೇರಿ, ವಾಲ್ವು, ಪೈಪು, ಬ್ಲೀಚಿಂಗ್ ಪುಡಿ, ನೀರಿನ ಪರೀಕ್ಷೆಗೆ 10,000. ಒಟ್ಟು ತಿಂಗಳಿಗೆ 58,000. ಐನೂರು ಮನೆಗೆ ಹಂಚಿದರೆ ಒಂದು ಮನೆಗೆ 116 ರೂಪಾಯಿ ಬೀಳುತ್ತದೆ. ಜನ ಬಳಸುವ ಸಾವಿರ ಲೀಟರಿಗೆ ಸುಮಾರು 14 ರೂಪಾಯಿ.

ನಿಮ್ಮ ಊರಿನಲ್ಲಿ ಬೋರಿನ ಆಳ ಬೇರೆ ಇರಬಹುದು, ನದಿಯಿಂದ ಬರುವ ಬಹುಗ್ರಾಮ ಯೋಜನೆಯೇ ಇರಬಹುದು. ಅಂಕಿ ಬದಲಾದರೂ ಲೆಕ್ಕದ ರೀತಿ ಬದಲಾಗುವುದಿಲ್ಲ.

ಈಗ ಶುದ್ಧ ಕುಡಿಯುವ ನೀರಿನ ಘಟಕದ ಕಡೆ ನೋಡಿ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ದಿನಕ್ಕೊಂದು ಕ್ಯಾನು ತರುವ ಮನೆ ತಿಂಗಳಿಗೆ 150 ರೂಪಾಯಿ ಕೊಡುತ್ತದೆ, ಮಾತಿಲ್ಲದೆ ಕೊಡುತ್ತದೆ. ಮನೆಯ ನಳಕ್ಕೆ ತಿಂಗಳಿಗೆ ನೂರು ಎಂದರೆ ಅದೇ ಮನೆಯವರು ಗ್ರಾಮಸಭೆಯಲ್ಲಿ ಎದ್ದು ನಿಲ್ಲುತ್ತಾರೆ. ಇದು ಜಿಪುಣತನವಲ್ಲ ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ನಾಣ್ಯ ಹಾಕಿದ ಕೂಡಲೇ ಅಲ್ಲಿ ನೀರು ಬರುತ್ತದೆ. ಪಂಚಾಯಿತಿಗೆ ಕಟ್ಟಿದ ದುಡ್ಡು ನೀರಾಗಿ ವಾಪಸು ಬರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಆ ಭರವಸೆ ಹಾಳಾದದ್ದರಲ್ಲಿ ನಮ್ಮ ಇಲಾಖೆಯವರ ಪಾಲೂ ಇದೆ. 1983ರ ನಂತರ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೆ ಬೋರು ಕೊರೆದೆವು. ಜನ ಅವರನ್ನು ನೀರ್ ಸಾಬ್ ಎಂದರು. ಆಗ ಹ್ಯಾಂಡ್ ಪಂಪು. ಅದಕ್ಕೆ ಕರೆಂಟು ಬೇಡ, ಪಟ್ಟಿಯೂ ಬೇಡ, ಕೈ ಇದ್ದರೆ ಸಾಕು. ಆಮೇಲೆ ಕಿರು ನೀರು ಸರಬರಾಜು ಬಂತು, ಓಣಿಗೊಂದು ಸಿಸ್ಟರ್ನ್ ಬಂತು, ಮೇಲಿನ ಟಾಕಿ ಬಂತು, ಮನೆ ನಳ ಬಂತು. ಒಂದೊಂದು ಮೆಟ್ಟಿಲಿಗೂ ತಿಂಗಳ ಖರ್ಚು ಏರಿತು. ಆದರೆ ಜನರ ಮನಸ್ಸಿನಲ್ಲಿ ನೀರು ಇನ್ನೂ ಹ್ಯಾಂಡ್ ಪಂಪಿನದೇ. ನಾನು ನೂರಾರು ಅಂದಾಜು ಪಟ್ಟಿಗಳಿಗೆ ಸಹಿ ಹಾಕಿದ್ದೇನೆ. ಟಾಕಿಗೆ ಎಷ್ಟು, ಪೈಪಿಗೆ ಎಷ್ಟು, ಅಗೆತಕ್ಕೆ ಎಷ್ಟು ಎಂದು ಪೈಸೆಯವರೆಗೆ ಬರೆದಿದ್ದೇವೆ. ಇದನ್ನು ನಡೆಸಲು ತಿಂಗಳಿಗೆ ಎಷ್ಟು ಬೇಕು, ಅದನ್ನು ಯಾರು ಕೊಡುತ್ತಾರೆ ಎಂದು ಗ್ರಾಮಸಭೆಯಲ್ಲಿ ನಿಂತು ಹೇಳಿದ್ದು ನನ್ನ ನೆನಪಿನಲ್ಲಿ ಎರಡೋ ಮೂರೋ ಸಲ. ಯೋಜನೆಯ ಖರ್ಚಿನಲ್ಲಿ ಊರವರ ವಂತಿಗೆ ಇರಬೇಕೆಂಬ ನಿಯಮ ಬಂದ ಮೇಲೂ, ಆ ವಂತಿಗೆಯನ್ನು ಗುತ್ತಿಗೆದಾರನೇ ತುಂಬಿ ರಸೀದಿ ತಂದದ್ದನ್ನು ಕಣ್ಣಾರೆ ಕಂಡಿದ್ದೇನೆ, ಕಂಡು ಸುಮ್ಮನಿದ್ದೇನೆ. ಯಾವ ಊರು, ಯಾವ ಯೋಜನೆ ಎಂಬುದು ಬೇಡ. ಸುಮ್ಮನಿದ್ದವನ ಹೆಸರು ಮಾತ್ರ ಇಲ್ಲಿರಲಿ.

ಸೊನ್ನಲಿಗೆಯ ಸಿದ್ಧರಾಮರ ಕಥೆ ನನ್ನನ್ನು ಕಾಡುವುದು ಇಲ್ಲಿಯೇ. ನಮ್ಮ ವೃತ್ತಿಯವರು ಅವರನ್ನು ಹಿರಿಯರೆಂದು ಹೇಳಿಕೊಳ್ಳುತ್ತೇವೆ, ಅವರು ಕೆರೆ ಕಟ್ಟಿಸಿದವರು. ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ, ನಡುವೆ ಗುಡಿ ಇದೆ. ಅಲ್ಲಮಪ್ರಭುಗಳು ಅಲ್ಲಿಗೆ ಹೋಗಿ, ಕಲ್ಲು ಮಣ್ಣಿನ ಕೆಲಸದಲ್ಲೇ ಮುಳುಗಿದ್ದ ಅವರನ್ನು ಒಡ್ಡನೆಂದು ಕೆಣಕಿ, ಕಟ್ಟಿದೆನೆಂಬ ಹಮ್ಮನ್ನು ಕಳೆದು ಕಲ್ಯಾಣಕ್ಕೆ ಕರೆತಂದರು ಎನ್ನುತ್ತದೆ ಪರಂಪರೆ. ಕೆರೆ ಕಟ್ಟಿದ್ದು ತಪ್ಪೆಂದು ಪ್ರಭುಗಳ ಮಾತಿನ ಅರ್ಥವಲ್ಲ. ಆದರೆ ಉದ್ಘಾಟನೆಯ ಕಲ್ಲು ನೆಟ್ಟು, ನೀರು ಬರುತ್ತದೋ ಇಲ್ಲವೋ ನೋಡದೆ ಮುಂದಿನ ಊರಿಗೆ ಹೋದ ನನ್ನಂಥ ಎಂಜಿನಿಯರನಿಗೆ ಆ ಕಥೆ ನೇರವಾಗಿ ತಾಗುತ್ತದೆ.

ನೀರು ಬರುತ್ತದೋ ಇಲ್ಲವೋ ಎಂದೆನಲ್ಲ, ಯಾರ ಮನೆಗೆ ಎಂದೂ ಕೇಳಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಊರಿಗೆ ಪೈಪು ಹಾಕಿಸಿದೆ. ಟಾಕಿ ಎಲ್ಲಿ ಕಟ್ಟಬೇಕೆಂದು ಊರ ಹಿರಿಯರು ತೋರಿಸಿದರು. ಹಿರಿಯರು ಎಂದರೆ ನಮ್ಮವರೇ. ಜಾಗ ಎತ್ತರದಲ್ಲಿತ್ತು, ನಕ್ಷೆಯ ಪ್ರಕಾರ ತಪ್ಪೇನಿರಲಿಲ್ಲ. ಮುಖ್ಯ ಕೊಳವೆ ದೊಡ್ಡ ಓಣಿಗಳನ್ನು ಸುತ್ತಿ, ವ್ಯಾಸ ಕಡಿಮೆಯಾಗುತ್ತ ಆಗುತ್ತ, ಕಟ್ಟಕಡೆಗೆ ಹರಿಜನ ಕೇರಿಗೆ ಮುಟ್ಟುತ್ತಿತ್ತು. ಕಾಗದದ ಮೇಲೆ ಕಡೆಯ ನಳಕ್ಕೂ ಒತ್ತಡ ಇತ್ತು. ಮೇಲಿನ ಓಣಿಯವರು ನಳಕ್ಕೇ ಮೋಟಾರು ಹಚ್ಚಿ ಎಳೆಯುತ್ತಾರೆಂಬುದು ಕಾಗದದಲ್ಲಿರಲಿಲ್ಲ. ಎರಡು ವರ್ಷದ ಮೇಲೆ ಆ ಕಡೆ ಹೋದಾಗ ಕೇರಿಯ ಒಬ್ಬ ಅಜ್ಜಿ ನನ್ನನ್ನು ಗುರುತು ಹಿಡಿದಳು. "ಎಪ್ಪಾ, ನೀ ಹಾಕಿದ ನಳಾ ಭಾಳ ಚಲೋ ಐತಿ. ನೀರು ಬರೂದಿಲ್ಲ, ಗಾಳಿ ಬರತೈತಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಮರೆಯಲಾಗಿಲ್ಲ.

ಮೋಟಾರು ಹಚ್ಚಿ ಎಳೆಯುವುದರಲ್ಲಿ ಕಳವಿಗಿಂತ ದೊಡ್ಡ ಅಪಾಯವೂ ಇದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ದಿನಕ್ಕೆ ಅರ್ಧ ತಾಸು ನೀರು ಬಿಟ್ಟು ಉಳಿದ ಹೊತ್ತು ಪೈಪು ಖಾಲಿ ಇದ್ದಾಗ, ಅಥವಾ ಮೋಟಾರಿನಿಂದ ಎಳೆದಾಗ, ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಸೀಳಿದ ಜೋಡಣೆಯಿಂದ ಹೊರಗಿನ ನೀರು ಒಳಗೆ ಬರುತ್ತದೆ. ಹೊರಗೆ ಇರುವುದು ಗಟಾರ. ತಗ್ಗಿನ ಓಣಿಗಳಲ್ಲಿ ನೀರು ಸಿಗಲಿ ಎಂದು ಕುಣಿ ತೋಡಿ ನಳವನ್ನು ನೆಲಕ್ಕಿಂತ ಕೆಳಗೆ ಇಳಿಸುತ್ತಾರೆ. ಆ ಕುಣಿ ತುಂಬಿ ನಳದ ಬಾಯಿ ಕೊಳಚೆಯಲ್ಲಿ ಮುಳುಗಿರುತ್ತದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ದಲಿತರೇ ಹೆಚ್ಚಿದ್ದ ಕೇರಿ. ಇಂಥ ಸುದ್ದಿ ಬಂದಾಗಲೆಲ್ಲ ಕೆಳಗಿನ ಕೇರಿಯೇ ಆಗಿರುತ್ತದೆ ಏಕೆ ಎಂದರೆ ನೀರು ಕಡೆಗೆ ಮುಟ್ಟುವುದು ಅಲ್ಲಿಗೆ, ಗಟಾರ ಮೊದಲು ಮುಟ್ಟುವುದೂ ಅಲ್ಲಿಗೆ.

ಹಾಗಾದರೆ ಗಟಾರದ ಮಾತಿಗೇ ಬರೋಣ. ಮನೆಗೆ ಕೊಟ್ಟ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಬರುತ್ತದೆ, ಇದು ನಾವು ವಿನ್ಯಾಸಕ್ಕೆ ಹಿಡಿಯುವ ಲೆಕ್ಕ. ಮೇಲೆ ಹೇಳಿದ ಊರಿನಲ್ಲಿ ದಿನಕ್ಕೆ 1,10,000 ಲೀಟರ್. ನೀರು ತರಲು ಕೋಟಿಗಟ್ಟಲೆ ಖರ್ಚು ಮಾಡಿದೆವು, ಅದು ಎಲ್ಲಿಗೆ ಹೋಗಬೇಕೆಂದು ಯೋಚಿಸಲಿಲ್ಲ. ಮನೆ ಮನೆಗೆ ಗಂಗೆ ಬಂದಳು, ಓಣಿ ಓಣಿಯಲ್ಲಿ ನಿಂತಳು. ಇಂಗು ಗುಂಡಿ ಮಾಡಿ ಎಂದು ಸುತ್ತೋಲೆ ಬರುತ್ತದೆ. ಕೆಮ್ಮಣ್ಣಿನಲ್ಲಿ ಅದು ಒಳ್ಳೆಯ ಉಪಾಯ. ನಮ್ಮ ಗದಗ, ಧಾರವಾಡ, ವಿಜಯಪುರದ ಎರೆಭೂಮಿಯಲ್ಲಿ ನೀರು ಇಂಗುವುದಿಲ್ಲ, ಗುಂಡಿ ತುಂಬಿ ಸೊಳ್ಳೆ ಸಾಕುತ್ತದೆ. ಎರೆಭೂಮಿಯ ಊರಿಗೆ ಮುಚ್ಚಿದ ಗಟಾರ ಬೇಕು, ಊರ ತಗ್ಗಿನಲ್ಲಿ ನೀರು ತಂಗಿ ತಿಳಿಯಾಗುವ ಹೊಂಡಗಳು ಬೇಕು, ಆ ನೀರನ್ನು ಗಿಡಮರಕ್ಕೆ ಬಿಡುವ ವ್ಯವಸ್ಥೆ ಬೇಕು. ಇದಕ್ಕೂ ನಡೆಸುವ ಖರ್ಚಿದೆ. ಹದಿನೈದನೆಯ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಆ ದುಡ್ಡು ಎಲ್ಲಿ ಹೋಯಿತೆಂದು ನಿಮ್ಮ ಗ್ರಾಮಸಭೆಯಲ್ಲಿ ಎಷ್ಟು ಜನ ಕೇಳಿದ್ದೀರಿ?

ಪಾಯಖಾನೆಯ ಗುಂಡಿಯ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಬರೆಯುತ್ತೇನೆ. ಎರಡು ಗುಂಡಿಯ ಪಾಯಖಾನೆಯಲ್ಲಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿ ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಮನೆಯವರೇ ಸಲಿಕೆಯಿಂದ ತೆಗೆಯಬಹುದು. ಆದರೆ ನಮ್ಮ ಜನ, ಅದರಲ್ಲೂ ಉಳ್ಳವರು, ಒಂದೇ ದೊಡ್ಡ ಗುಂಡಿ ತೋಡಿಸುತ್ತಾರೆ. ಏಕೆ? ನಮ್ಮ ಜೀವಮಾನದಲ್ಲಿ ತುಂಬಬಾರದು, ನಮ್ಮ ಕೈಯಿಂದ ತೆಗೆಯುವ ಪ್ರಸಂಗ ಬರಬಾರದು. ತುಂಬಿದಾಗ ಯಾರನ್ನು ಕರೆಯುತ್ತೇವೆ? 2013ರ ಕಾಯಿದೆ ಮನುಷ್ಯರಿಂದ ಮಲ ತೆಗೆಸುವುದನ್ನು ಅಪರಾಧವೆಂದಿದೆ. 2010ರಲ್ಲಿ ಸವಣೂರಿನ ಭಂಗಿ ಸಮಾಜದವರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದ್ದನ್ನು ನಮ್ಮ ನಾಡು ನೋಡಿದೆ. ಮಾದಾರ ಚೆನ್ನಯ್ಯನವರನ್ನು ಹಿರಿಯರೆಂದು ಒಪ್ಪಿದ ಧರ್ಮ ನಮ್ಮದು ಎಂದು ವೇದಿಕೆಯ ಮೇಲೆ ಹೇಳುವ ನಾವು, ಗುಂಡಿ ತುಂಬಿದಾಗ ರಾತ್ರಿ ಹೊತ್ತು ಯಾರಿಗೋ ಫೋನು ಮಾಡುತ್ತೇವೆ.

ಪಟ್ಟಿಯ ಮಾತು ಎತ್ತಿದ ಕೂಡಲೇ ಬರುವ ಆಕ್ಷೇಪಗಳು ನನಗೆ ಗೊತ್ತು. "ಗಂಗವ್ವಗ ಬೆಲೆ ಕಟ್ಟತೀರೇನ್ರಿ?" ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಸುಲಭ. ನೀರು ಶಿವ ಕೊಟ್ಟದ್ದು, ಐನೂರು ಅಡಿಯಿಂದ ಮೇಲೆತ್ತಿದ್ದು ಕರೆಂಟು. ಬೆಲೆ ಎತ್ತಿದ್ದಕ್ಕೆ.

ಎರಡನೆಯದು ದೊಡ್ಡ ಆಕ್ಷೇಪ. ಮೀಟರ್ ಬಂದರೆ ಬಡವರ ಗತಿ ಏನು? ನಾಳೆ ಯಾವುದೋ ಕಂಪನಿ ಬಂದು ನೀರು ಮಾರುವುದಿಲ್ಲವೇ? ಈ ಅಂಜಿಕೆ ನನಗೂ ಇದೆ. ಬೇಸಿಗೆಯ ಒಂದು ತಿಂಗಳು ಪಟ್ಟಿ ಕಟ್ಟಲಿಲ್ಲವೆಂದು ವಿಧವೆಯೊಬ್ಬಳ ನಳ ಕಡಿಯುವ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಆದರೆ ಈಗಿರುವ ಸಪಾಟು ದರ ಬಡವರ ಪರವಾಗಿಲ್ಲ ಎಂಬುದನ್ನು ನೋಡಿ. ಒಂಟಿ ಮುದುಕಿಯ ಮನೆಗೂ ಐವತ್ತು, ಎಂಟು ಎಮ್ಮೆ, ಒಂದು ಕಾರು, ಅಂಗಳದ ತೋಟ ಇದ್ದ ಮನೆಗೂ ಐವತ್ತು. ಮುನ್ನೂರು ಹುಡುಗರ ಪ್ರಸಾದ ನಿಲಯಕ್ಕೂ ಅದೇ ಐವತ್ತು. ಒಬ್ಬ ಹುಡುಗನಿಗೆ ನೂರು ಲೀಟರಿನಂತೆ ದಿನಕ್ಕೆ 30,000 ಲೀಟರ್. ಅದರಲ್ಲಿ ಮೂರರಲ್ಲೊಂದು ಪಾಲು ಪಂಚಾಯಿತಿಯದು ಎಂದರೂ ತಿಂಗಳಿಗೆ ಮೂರು ಲಕ್ಷ ಲೀಟರ್, ನನ್ನ ಲೆಕ್ಕದಂತೆ 4,200 ರೂಪಾಯಿಯ ನೀರು. ಅಕ್ಕಿ ಆಯ್ದು ತಂದ ಮಾರಯ್ಯನವರು ಅಂದು ಬೇಕಾದುದಕ್ಕಿಂತ ಹೆಚ್ಚು ತಂದರೆಂದು ಲಕ್ಕಮ್ಮನವರು ವಾಪಸು ಕಳಿಸಿದ ಕಥೆಯನ್ನು ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಅವರ ಮನೆಯಲ್ಲಿ ಅಳತೆ ಇತ್ತು. ಮೀಟರ್ ಅದೇ ಅಳತೆ. ಒಂದು ಮನೆಗೆ ಅವಶ್ಯವಿರುವಷ್ಟಕ್ಕೆ ಅತಿ ಕಡಿಮೆ ದರ, ಅದಕ್ಕಿಂತ ಮೇಲಕ್ಕೆ ಏರುವ ದರ, ಮಂಟಪ, ಹೋಟೆಲು, ಕಟ್ಟಡ ಕೆಲಸಕ್ಕೆ ಬೇರೆ ದರ ಇರಲಿ. ಯಾರಿಗೆ ಪೂರ್ತಿ ಮಾಫಿ ಎಂದು ಗ್ರಾಮಸಭೆ ಹೆಸರು ಹಿಡಿದು ತೀರ್ಮಾನಿಸಿ ಠರಾವು ಮಾಡಲಿ. ಕಂಪನಿ ಬರುವುದು ಪಂಚಾಯಿತಿ ಸೋತ ಕಡೆಗೆ. ಸಾಲದಲ್ಲಿ ಮುಳುಗಿದ, ಪಂಪು ನಿಂತ ಪಂಚಾಯಿತಿಯೇ ಅದಕ್ಕೆ ಬಾಗಿಲು ತೆಗೆಯುವುದು.

ಆದರೆ ಮೀಟರಿನ ಬಗ್ಗೆ ಒಂದು ಎಚ್ಚರಿಕೆ. ವಾರಕ್ಕೆ ಎರಡು ದಿನ ನೀರು ಬಿಡುವ ಊರಿನಲ್ಲಿ ಮೀಟರ್ ಹಾಕಿದರೆ ಅದು ಸುಳ್ಳು ಹೇಳುತ್ತದೆ. ಖಾಲಿ ಪೈಪಿಗೆ ನೀರು ನುಗ್ಗುವಾಗ ಮುಂದಿನ ಗಾಳಿಯೆಲ್ಲ ಮೀಟರಿನ ಮೂಲಕ ಹೊರಬರುತ್ತದೆ, ಮುಳ್ಳು ತಿರುಗುತ್ತದೆ. ಆ ಅಜ್ಜಿ ಗಾಳಿಗೆ ದುಡ್ಡು ಕೊಡಬೇಕಾಗುತ್ತದೆ. ಆದ್ದರಿಂದ ಮೊದಲು ಮೋಟಾರು ಕೀಳಿಸಬೇಕು, ಕಡೆಯ ಓಣಿಗೆ ನೀರು ಮುಟ್ಟಿಸಬೇಕು, ಆಮೇಲೆ ಮೀಟರ್ ಓದಬೇಕು. ಅದೂ ದೊಡ್ಡ ಬಳಕೆದಾರರಿಂದ ಶುರುವಾಗಬೇಕು. ಮಿಷನ್ನಿನಲ್ಲಿ ಎಷ್ಟೋ ಊರುಗಳಲ್ಲಿ ಮನೆ ಮುಂದೆ ಮೀಟರ್ ಕೂರಿಸಿ ಹೋಗಿದ್ದಾರೆ, ಓದುವವರಿಲ್ಲ. ನಡೆಸುವ ಕ್ರಮ ಬಿಟ್ಟು ಸಾಮಾನು ಮೊದಲು ತರುವ ನಮ್ಮ ಇಲಾಖೆಯ ಹಳೆಯ ಚಾಳಿ ಅದು.

ಮೂರನೆಯ ಆಕ್ಷೇಪ: ಕೊಟ್ಟ ದುಡ್ಡನ್ನು ಪಂಚಾಯಿತಿಯವರು ತಿನ್ನುತ್ತಾರೆ. ಇದಕ್ಕೆ ನನ್ನಲ್ಲಿ ವಾದವಿಲ್ಲ. ನೀರಿನ ಹಣಕ್ಕೆ ಬೇರೆ ಖಾತೆ, ತಿಂಗಳ ಜಮಾ ಖರ್ಚು ಪಂಚಾಯಿತಿಯ ಗೋಡೆಯ ಮೇಲೆ, ಬಾಕಿದಾರರ ಯಾದಿ ದೊಡ್ಡ ಮೊತ್ತದಿಂದ ಶುರು. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕೆಂದು ನಿಯಮವೇ ಇದೆ. ಅವರ ಹೆಸರು ಕಾಗದದಲ್ಲಿದೆ, ಸಭೆಗೆ ಅವರ ಯಜಮಾನರು ಬರುತ್ತಾರೆ. ಆ ಹೆಣ್ಣುಮಕ್ಕಳು ತಾವೇ ಬಂದು ಕೂತ ಊರಿನಲ್ಲಿ ಲೆಕ್ಕ ನೆಟ್ಟಗಿದ್ದದ್ದನ್ನು ಕಂಡಿದ್ದೇನೆ.

ಇದನ್ನೆಲ್ಲ ಮಠದ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಎಂದು ಕೇಳುವಿರಿ. ಊರಿನಲ್ಲಿ ಮಠ ಕಟ್ಟಿದರೆ ಗೌಡರು ಕಟ್ಟುತ್ತಾರೆ, ಗೌಡರು ಕಟ್ಟಿದರೆ ಊರು ಕಟ್ಟುತ್ತದೆ. ವಸೂಲಿಗಾರನ ನೂರು ನೋಟೀಸಿಗೆ ಆಗದ್ದು ಪೂಜ್ಯರ ಒಂದು ರಸೀದಿಗೆ ಆಗುತ್ತದೆ. ಇನ್ನೊಂದು ಕಾರಣವೂ ಇದೆ. ದಾಸೋಹ ಎಂಬ ಮಾತನ್ನು ನಾವು ಪುಕ್ಕಟೆ ಎಂಬ ಅರ್ಥಕ್ಕೆ ಇಳಿಸಿಬಿಟ್ಟಿದ್ದೇವೆ. ಕಾಯಕದಿಂದ ಬಂದದ್ದು ದಾಸೋಹವಾಗುತ್ತದೆ. ಪಂಚಾಯಿತಿಯ ನೀರುಗಂಟಿಗೆ ಐದು ತಿಂಗಳು ಸಂಬಳವಿಲ್ಲ, ಅವನು ಬೆಳಗಿನ ನಾಲ್ಕಕ್ಕೆ ಎದ್ದು ವಾಲ್ವು ತಿರುಗಿಸುತ್ತಾನೆ, ಆ ನೀರಿನಲ್ಲಿ ಅಡಿಗೆ ಮಾಡಿ ನಾವು ದಾಸೋಹ ಎನ್ನುತ್ತೇವೆ. ಅದು ಅವನ ದಾಸೋಹ, ನಮ್ಮದಲ್ಲ.

ಅಂದು ಸಂಜೆ ಹೊರಡುವ ಮುನ್ನ ಪ್ರಸಾದ ನಿಲಯದ ಹಿಂದೆ ಹೋಗಿ ನೋಡಿದೆ. ಹಳೆಯ ಚಟ. ಅಡಿಗೆಮನೆ, ಬಚ್ಚಲಿನ ನೀರೆಲ್ಲ ಒಂದು ಕಲ್ಲು ಗಟಾರ ಸೇರಿ, ಗೋಡೆಯ ಕೆಳಗಿನ ಕಿಂಡಿಯಿಂದ ಹೊರಬಿದ್ದು, ಇಳಿಜಾರಿನಲ್ಲಿ ಕೆಳಗಿನ ಕೇರಿಯ ನಡುವೆ ಹಾದು ಹೋಗುತ್ತಿತ್ತು. ಕೇರಿಯ ಮಕ್ಕಳು ಅದನ್ನು ದಾಟಿ ಶಾಲೆಗೆ ಹೋಗುತ್ತಾರೆ. ಮಠದ ಹಿಂದೆಯೇ ಮೂರು ಎಕರೆ ಖಾಲಿ ಜಮೀನಿದೆ. ಅಡಿಗೆ, ಸ್ನಾನದ ನೀರು ದಿನಕ್ಕೆ 20,000 ಲೀಟರ್ ಎಂದರೂ, ಜಿಡ್ಡು ತಡೆಯುವ ಒಂದು ತೊಟ್ಟಿ, ರಾಡಿ ತಂಗುವ ಒಂದು ತೊಟ್ಟಿ, ಜೊಂಡು ನೆಟ್ಟ ಒಂದು ಮಡಿ ಮಾಡಿದರೆ, ಮರಕ್ಕೆ ದಿನಕ್ಕೆ ಐವತ್ತು ಲೀಟರಿನಂತೆ ನಾನೂರು ತೆಂಗಿನ ಮರ ಬದುಕುತ್ತವೆ. ಅಷ್ಟು ಮರಕ್ಕೆ ಆ ಜಮೀನು ಸಾಲದು, ಉಳಿದ ನೀರನ್ನು ಪಕ್ಕದ ಹೊಲದವರು ಬೇಡಿ ಪಡೆದಾರು. ಪಾಯಖಾನೆಯ ನೀರನ್ನು ಮಾತ್ರ ಇದರಲ್ಲಿ ಬೆರೆಸಬಾರದು.

ಈ ಬರಹದ ಕರಡನ್ನು ಅಚ್ಚಿಗೆ ಕೊಡುವ ಮೊದಲು ಆ ಪೂಜ್ಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಹೇಳದೆ ಅಚ್ಚು ಹಾಕುವುದು ಸರಿಯಲ್ಲ ಅನ್ನಿಸಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಅಂಜಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ, "ಹನ್ನೊಂದ ವರ್ಷದ್ದು ಎಷ್ಟಾತಂದ್ರಿ?" ಎಂದರು. ಮೊತ್ತ ಹೇಳಿದೆ. "ಇಷ್ಟಕ್ಕ ಆ ಹುಡುಗ ಅಂಜಿ ಸುಮ್ಮನಿದ್ದನಾ? ಅದು ನಮ್ಮ ತಪ್ಪು, ಅವಂದಲ್ಲ. ಬರೀರಿ. ಆದ್ರ ಒಂದ ಮಾತು. ಮಠದವರೂ ಕಟ್ಟ್ಯಾರ ಅಂತ ತೋರಿಸಿ ಬಡವರ ಮ್ಯಾಲೆ ಜೋರು ಮಾಡಬಾರದು. ಮೊದಲ ಆ ದೊಡ್ಡ ಮನಿಯವರ ಯಾದಿ ಹಚ್ಚಲಿ, ನಮ್ಮ ಹೆಸರು ಮ್ಯಾಲ ಇರಲಿ" ಎಂದರು.

ಬಾಕಿ ಕಟ್ಟಿ ರಸೀದಿ ತರಿಸಿದ್ದಾರೆ. ಗಟಾರದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆ ಮೂರು ಎಕರೆಯಲ್ಲಿ ಇನ್ನೊಂದು ಮಂಟಪ ಕಟ್ಟಬೇಕೆಂದು ಕಮಿಟಿಯ ಕೆಲವರ ಇಚ್ಛೆ. ಮುಂದಿನ ತಿಂಗಳು ಅವರ ಸಭೆಗೆ ನನ್ನನ್ನು ಕರೆದಿದ್ದಾರೆ. ನಕ್ಷೆ ಬರೆದುಕೊಂಡು ಹೋಗುತ್ತೇನೆ, ಫೀ ಇಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಪಂಚಾಯಿತಿಗೆ ಹೋಗಿ ಐದು ಅಂಕಿ ಕೇಳಿ ತನ್ನಿ: ನೀರಿನ ಪಂಪುಗಳ ತಿಂಗಳ ಕರೆಂಟ್ ಬಿಲ್ಲು ಎಷ್ಟು, ಅದರ ಬಾಕಿ ಎಷ್ಟು, ನೀರುಗಂಟಿಗೆ ಎಷ್ಟು ತಿಂಗಳ ಸಂಬಳ ಬರಬೇಕು, ಎಷ್ಟು ಮನೆಯವರು ಪಟ್ಟಿ ಕಟ್ಟುತ್ತಾರೆ, ನಿಮ್ಮ ಊರಿನ ಮಠದ, ಗುಡಿಯ, ಮಂಟಪದ ಬಾಕಿ ಎಷ್ಟು. ಮಾಹಿತಿ ಹಕ್ಕಿನ ಅರ್ಜಿ ಬೇಕಾಗಲಿಕ್ಕಿಲ್ಲ, ನೆಟ್ಟಗೆ ಕೇಳಿದರೆ ಕೊಡುತ್ತಾರೆ. ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ. ಊರಿನ ಹೆಸರು ಬೇಡವೆಂದರೆ ಹಾಕುವುದಿಲ್ಲ, ಅಂಕಿಗಳನ್ನು ಮಾತ್ರ ಬಂದಂತೆ ಅಚ್ಚು ಹಾಕುತ್ತೇವೆ.